ಎಣ್ಣೆಕಾಳಿನ ಮೊಳಕೆಗೆ ಆರ್‌ಕ್ಯೂ 0.4 ಬಂದರೆ ತಪ್ಪೇ?

ಪ್ರಶ್ನೆ: ಸರ್, ಕತ್ತಲಲ್ಲಿ ಬೆಳೆಸಿದ ಸೂರ್ಯಕಾಂತಿ ಮೊಳಕೆಗಳನ್ನು ವಿದ್ಯಾರ್ಥಿಗಳು ಉಸಿರಾಟ ಅಳೆಯುವ ರೆಸ್ಪಿರೋಮೀಟರ್‌ನಲ್ಲಿ ಇಟ್ಟಿದ್ದರು. ಪೊಟ್ಯಾಶಿಯಂ ಹೈಡ್ರಾಕ್ಸೈಡ್ ಇದ್ದ ನಳಿಕೆಯಲ್ಲಿ ದ್ರವ 25 ಮಿ.ಮೀ. ಸರಿಯಿತು, ಬರೀ ನೀರಿದ್ದದ್ದರಲ್ಲಿ 15. ಆರ್‌ಕ್ಯೂ (ಹೊರಬಿಟ್ಟ ಇಂಗಾಲದ ಡೈಆಕ್ಸೈಡನ್ನು ಹೀರಿದ ಆಮ್ಲಜನಕದಿಂದ ಭಾಗಿಸಿದ ಅಂಕಿ) 0.4 ಆಯಿತು. ಪಠ್ಯದಲ್ಲಿ ಕೊಬ್ಬಿಗೆ 0.7 ಅಂತಿದೆ. ಎಲ್ಲಿ ಎಡವಿದ್ದೇವೆ?

ಉತ್ತರ: ಲೆಕ್ಕ ಸರಿಯಾಗಿದೆ ಮೇಡಂ. ಪೊಟ್ಯಾಶಿಯಂ ಹೈಡ್ರಾಕ್ಸೈಡ್ ಇಂಗಾಲದ ಡೈಆಕ್ಸೈಡನ್ನು ಹಿಡಿದಿಡುವುದರಿಂದ ಮೊದಲ ನಳಿಕೆ ಮೊಳಕೆ ಹೀರಿದ ಆಮ್ಲಜನಕವನ್ನು ತೋರಿಸುತ್ತದೆ, ಎರಡನೆಯದು ಅದರಲ್ಲಿ ಇಂಗಾಲದ ಡೈಆಕ್ಸೈಡ್ ಕಳೆದು ಉಳಿದದ್ದನ್ನು. (25–15)/25, ಅಂದರೆ 0.4.

0.7 ಅನ್ನುವುದು ಕೊಬ್ಬು ಪೂರ್ತಿ ಉರಿದು ಹೋದಾಗಿನ ಅಂಕಿ. ಪಾಮಿಟಿಕ್ ಆಮ್ಲ ಎಂಬ ಕೊಬ್ಬಿನಾಮ್ಲದ ಒಂದು ಅಣುವಿಗೆ 23 ಆಮ್ಲಜನಕ ಬೇಕು, 16 ಇಂಗಾಲದ ಡೈಆಕ್ಸೈಡ್ ಬರುತ್ತದೆ. ಮೊಳಕೆಗೆ ಬೇಕಾದದ್ದು ಶಾಖವಲ್ಲ, ಸಕ್ಕರೆ. ಎಣ್ಣೆ ಬೀಜದಳದಿಂದ ಬೇರಿಗೆ ಹಾಗೇ ಹರಿದು ಹೋಗಲಾರದು, ಸುಕ್ರೋಸ್ ಹೋಗುತ್ತದೆ. ಅದೇ ಪಾಮಿಟಿಕ್ ಅಣು ಸುಕ್ರೋಸ್ ಆಗುವಾಗ 11 ಆಮ್ಲಜನಕ ಒಳಹೋಗಿ 4 ಇಂಗಾಲದ ಡೈಆಕ್ಸೈಡ್ ಮಾತ್ರ ಹೊರಬರುತ್ತದೆ: 4/11, ಸುಮಾರು 0.36. ನಿಮ್ಮ 0.4 ಇದರ ಪಕ್ಕದಲ್ಲೇ ಇದೆ. ತಯಾರಾದ ಸಕ್ಕರೆಯ ಹೆಚ್ಚಿನ ಪಾಲು ಇನ್ನೂ ಉರಿದಿಲ್ಲ, ಜೀವಕೋಶದ ಗೋಡೆ ಕಟ್ಟಲು ಹೋಗುತ್ತಿದೆ ಎಂದರ್ಥ. ಸಕ್ಕರೆಯೂ ಉರಿಯತೊಡಗಿದರೆ ಅಂಕಿ 0.7ರ ಕಡೆ ಏರುತ್ತದೆ.

ಸುಳ್ಳು ಅಂಕಿ ಬರುವ ದಾರಿಗಳೂ ಇವೆ. ಬೆಳಕು ಬಿದ್ದು ಬೀಜದಳ ಹಸಿರಾದರೆ ದ್ಯುತಿಸಂಶ್ಲೇಷಣೆ ಸೇರಿಕೊಂಡು ಲೆಕ್ಕ ಕೆಡುತ್ತದೆ. ಸಿಪ್ಪೆ ಬಿರಿಯದ ಕಾಳಿನೊಳಗೆ ಆಮ್ಲಜನಕ ಸಾಲದೆ ಹುದುಗುವಿಕೆ ನಡೆದು ಮೊದಮೊದಲು ಅಂಕಿ 1ನ್ನೂ ದಾಟಬಹುದು. ಕೋಣೆಯ ಬಿಸಿ ಏರಿಳಿದರೂ ದ್ರವ ಸರಿಯುತ್ತದೆ. ಬೇಯಿಸಿದ ಕಾಳಿನ ಒಂದು ನಳಿಕೆಯನ್ನು ಪಕ್ಕದಲ್ಲಿಟ್ಟು ಅದರ ಓಟವನ್ನು ಎರಡರಿಂದಲೂ ಕಳೆಯಿರಿ.

ಪ್ರಶ್ನೆ: ಪ್ರಾಣಿಗಳು ಕೊಬ್ಬಿನಿಂದ ಹೀಗೆ ಸಕ್ಕರೆ ಮಾಡಲಾರವಲ್ಲ, ಗಿಡಕ್ಕೆ ಹೇಗೆ ಸಾಧ್ಯ?

ಉತ್ತರ: ಎಣ್ಣೆ ಇರುವುದು ಆಯಿಲ್ ಬಾಡಿಗಳಲ್ಲಿ, ಸುಮಾರು 0.5ರಿಂದ 2 ಮೈಕ್ರಾನ್‌ನ ಹನಿಗಳು, ಒಂದಕ್ಕೊಂದು ಕೂಡಿಕೊಳ್ಳದಂತೆ ಮೇಲೆ ಓಲಿಯೋಸಿನ್ ಪ್ರೋಟೀನಿನ ಹೊದಿಕೆ. ಲೈಪೇಸ್ ಅದನ್ನು ಕೊಬ್ಬಿನಾಮ್ಲ, ಗ್ಲಿಸರಾಲ್ ಎಂದು ಒಡೆಯುತ್ತದೆ. ಕೊಬ್ಬಿನಾಮ್ಲ ಗ್ಲೈಆಕ್ಸಿಸೋಮ್ ಎಂಬ ಪೆರಾಕ್ಸಿಸೋಮ್‌ನೊಳಗೆ ಹೋಗಿ, ಬೀಟಾ ಆಕ್ಸಿಡೇಶನ್‌ನಲ್ಲಿ ಎರಡೆರಡು ಇಂಗಾಲದ ತುಂಡಾಗುತ್ತದೆ. ಆ ತುಂಡೇ ಅಸಿಟೈಲ್ ಕೋಎ. ಪಾಮಿಟಿಕ್‌ಗೆ 7 ಸುತ್ತು, 8 ಅಸಿಟೈಲ್ ಕೋಎ. ಪ್ರತಿ ಸುತ್ತಿನಲ್ಲೂ ಹುಟ್ಟುವ ಹೈಡ್ರೋಜನ್ ಪೆರಾಕ್ಸೈಡನ್ನು ಕ್ಯಾಟಲೇಸ್ ಒಡೆದುಹಾಕುತ್ತದೆ.

ನಿಜವಾದ ಕರಾಮತ್ತು ಇರುವುದು ಮುಂದೆ. ಅಸಿಟೈಲ್ ಕೋಎ ಕ್ರೆಬ್ಸ್ ಚಕ್ರಕ್ಕೆ ಬಿದ್ದರೆ ಬಂದ ಎರಡು ಇಂಗಾಲಕ್ಕೆ ಸಮನಾಗಿ ಎರಡು ಡೈಆಕ್ಸೈಡ್ ಆಗಿ ಹೊರಟುಹೋಗುತ್ತವೆ, ಕೈಯಲ್ಲಿ ಏನೂ ಉಳಿಯದು. ಐಸೊಸಿಟ್ರೇಟ್ ಲಯೇಸ್, ಮ್ಯಾಲೇಟ್ ಸಿಂಥೇಸ್ ಎಂಬ ಎರಡು ಕಿಣ್ವಗಳು ಆ ನಷ್ಟದ ಹೆಜ್ಜೆಗಳನ್ನೇ ತಪ್ಪಿಸಿ ಹೋಗುತ್ತವೆ. ಇದೇ ಗ್ಲೈಆಕ್ಸಿಲೇಟ್ ಚಕ್ರ. ಹರಳು ಬೀಜದಲ್ಲಿ ಇದನ್ನು 1957ರಲ್ಲಿ ಕಾರ್ನ್‌ಬರ್ಗ್ ಮತ್ತು ಬೀವರ್ಸ್ ತೋರಿಸಿದರು. ಎರಡು ಅಸಿಟೈಲ್ ಸೇರಿ ಒಂದು ಸಕ್ಸಿನೇಟ್ ಆಗುತ್ತದೆ, ಅದು ಮೈಟೊಕಾಂಡ್ರಿಯಾ ಮೂಲಕ ಹಾದು ಆಕ್ಸಲೊಅಸಿಟೇಟ್, ಅಲ್ಲಿಂದ ಪಿಇಪಿ (ಫಾಸ್ಫೊಈನಾಲ್‌ಪೈರುವೇಟ್), ಕೊನೆಗೆ ಸುಕ್ರೋಸ್. ಪಿಇಪಿ ಆಗುವ ಹೆಜ್ಜೆಯಲ್ಲೇ ಮೇಲೆ ಹೇಳಿದ ಆ 4 ಇಂಗಾಲ ಕಳೆಯುವುದು.

ಪ್ರಶ್ನೆ: ಸಕ್ಕರೆ ಇದ್ದರೆ ಬೆನೆಡಿಕ್ಟ್ ಪರೀಕ್ಷೆ ನೀಲಿಯಾಗೇ ಉಳಿಯುವುದೇಕೆ?

ಉತ್ತರ: ಬೆನೆಡಿಕ್ಟ್ ದ್ರಾವಣ ತೋರಿಸುವುದು ಅಪಕರ್ಷಕ ಸಕ್ಕರೆಯನ್ನು ಮಾತ್ರ, ಸುಕ್ರೋಸ್ ಅಪಕರ್ಷಕ ಸಕ್ಕರೆ ಅಲ್ಲ, ಅದಕ್ಕೆ. ಸುಕ್ರೋಸನ್ನು ಮೊದಲು ಒಡೆಯಲು 2 ಮಿ.ಲೀ. ಸಾರಕ್ಕೆ ಕೆಲವು ಹನಿ ತೆಳು ಹೈಡ್ರೋಕ್ಲೋರಿಕ್ ಆಮ್ಲ ಹಾಕಿ 5 ನಿಮಿಷ ಕುದಿಯುವ ನೀರಲ್ಲಿಡಿ. ತಣಿದ ಮೇಲೆ ನೊರೆ ಬರುವುದು ನಿಲ್ಲುವ ತನಕ ಸೋಡಿಯಂ ಬೈಕಾರ್ಬನೇಟ್ ಸೇರಿಸಿ, ಆಮೇಲೆ ಬೆನೆಡಿಕ್ಟ್. ಈ ತಟಸ್ಥಗೊಳಿಸುವ ಹೆಜ್ಜೆ ಬಿಟ್ಟರೆ ಬಣ್ಣ ಬರುವುದಿಲ್ಲ. ಎಣ್ಣೆ ಕರಗಿದ್ದನ್ನು ನೋಡಲು ಬೀಜದಳದ ಹಸಿ ಸೀಳಿಗೆ ಎಣ್ಣೆಗೆ ಬಣ್ಣ ಕೊಡುವ ಸುಡಾನ್ III ಹಾಕಿ, ಶೇ. 50 ಆಲ್ಕೊಹಾಲ್‌ನಲ್ಲಿ ತೊಳೆದು ಗ್ಲಿಸರಿನ್‌ನಲ್ಲಿ ನೋಡಿ. ಕೆಂಪು ಹನಿಗಳು ದಿನೇದಿನೇ ಕಡಿಮೆಯಾಗುತ್ತವೆ. ಪ್ಯಾರಫಿನ್ ಸೀಳು ಬೇಡ, ಕ್ಸೈಲೀನ್‌ನಲ್ಲಿ ಎಣ್ಣೆಯೇ ಕರಗಿ ಹೋಗಿರುತ್ತದೆ.

ಪ್ರಶ್ನೆ: ನನ್ನಲ್ಲಿರುವ ಹಳೆ ಬೀಜದಲ್ಲಿ ಬೇರು ಮೂಡುತ್ತದೆ, ಆದರೆ ಅಲ್ಲಿಗೇ ನಿಲ್ಲುತ್ತದೆ. ಎಣ್ಣೆ ಕೆಟ್ಟಿರಬಹುದೇ?

ಉತ್ತರ: ಇರಬಹುದು. ಬೇರು ಹೊರಬರಲು ಭ್ರೂಣದಲ್ಲಿ ಮೊದಲೇ ಇರುವ ಸುಕ್ರೋಸ್, ರಾಫಿನೋಸ್ ಸಾಕು. ಎಣ್ಣೆಯ ಸರದಿ ಅದಾದ ಮೇಲೆ. ಹಾಗಾಗಿ ಮೊಳಕೆ ಎಣಿಸಿ ಬೀಜ ಚೆನ್ನಾಗಿದೆ ಎನ್ನಬೇಡಿ.

ಪರೀಕ್ಷೆ ಸುಲಭ. ಬೀಜದ ಮೇಲ್ಮೈಯನ್ನು ಹೈಪೊಕ್ಲೋರೈಟ್‌ನಲ್ಲಿ ಶುದ್ಧಮಾಡಿ, ಒಂದಿಷ್ಟನ್ನು ಬರೀ ಅಗಾರ್ ಮೇಲೆ, ಒಂದಿಷ್ಟನ್ನು ಶೇ. 1 ಸುಕ್ರೋಸ್ ಇರುವ ಅಗಾರ್ ಮೇಲೆ, ಎರಡನ್ನೂ ಕತ್ತಲಲ್ಲಿ ಇಡಿ. ಸಕ್ಕರೆ ಇದ್ದಲ್ಲಿ ಮಾತ್ರ ಕಾಂಡ ಉದ್ದವಾದರೆ ತೊಡಕಿರುವುದು ಎಣ್ಣೆ ಒಡೆಯುವಲ್ಲಿ. ಎರಡರಲ್ಲೂ ನಿಂತರೆ ಕಾರಣ ಬೇರೆ. ಶುದ್ಧಿ ಸಾಲದಿದ್ದರೆ ಸಕ್ಕರೆ ಅಗಾರ್‌ನಲ್ಲಿ ಬೂಷ್ಟು ಮೊದಲು ಬರುತ್ತದೆ, ಆ ತಟ್ಟೆ ಎಸೆಯಿರಿ.

ಬೀಜ ದೂರುವ ಮುಂಚೆ ಮಣ್ಣನ್ನೂ ನೋಡಿ. ಬೀಟಾ ಆಕ್ಸಿಡೇಶನ್‌ನ ಮೊದಲ ಹೆಜ್ಜೆಗೇ ಆಮ್ಲಜನಕ ಬೇಕು, ಅದಿಲ್ಲದೆ ಎಣ್ಣೆ ಒಡೆಯುವುದಿಲ್ಲ. ಭತ್ತದಂಥ ಪಿಷ್ಟದ ಕಾಳು ನೀರಡಿಯಲ್ಲೂ ಹುದುಗುವಿಕೆಯಿಂದ ಕೆಲಕಾಲ ತಳ್ಳಬಲ್ಲದು, ಎಣ್ಣೆಕಾಳಿಗೆ ಆ ದಾರಿ ಇಲ್ಲ. ನೀರು ನಿಂತ ಮಡಿಯಲ್ಲಿ ಹೊಸ ಬೀಜವೂ ಹೀಗೇ ಬೇರು ತೋರಿಸಿ ನಿಲ್ಲುತ್ತದೆ.