ಸಹಾಯ ಬೇಕು: ಬೋರ್‌ವೆಲ್ ನೀರು ಏರಿದ್ದು ಭೂಕಂಪದಿಂದಲೇ ಅಂತ ಖಚಿತ ಮಾಡಿಕೊಳ್ಳುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಅಂತರ್ಜಲದ ಮೇಲೆ ಒಂದು ಸಣ್ಣ ಪ್ರಾಜೆಕ್ಟ್ ಮಾಡುತ್ತಿದ್ದೇನೆ. ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ, ದಾರಿ ತೋರಿಸಿ.

ಪಂಪ್ ಇಲ್ಲದ ಬೋರ್‌ವೆಲ್ ಒಂದರಲ್ಲಿ ಪ್ರೆಶರ್ ಸೆನ್ಸರ್ (ಒತ್ತಡ ಅಳೆದು ನೀರಿನ ಮಟ್ಟ ತಿಳಿಸುವ ಸಾಧನ) ಇಳಿಬಿಟ್ಟಿದ್ದೇನೆ. 15 ನಿಮಿಷಕ್ಕೊಂದು ರೀಡಿಂಗ್. ಬಹಳ ದೂರದಲ್ಲಿ ದೊಡ್ಡ ಭೂಕಂಪವಾದ ದಿನ ಮಟ್ಟ ಸುಮಾರು 4 ಸೆಂಟಿಮೀಟರ್ ಏರಿ, ಅಲ್ಲೇ ನಿಂತುಬಿಟ್ಟಿದೆ. ಇದು ನಿಜವಾಗಿ ಕಂಪನದ್ದೋ, ಸುಮ್ನೆ ಹವೆಯ ಆಟವೋ ಗೊತ್ತಾಗುತ್ತಿಲ್ಲ.

ದೂರದ ಕಂಪನಕ್ಕೆ ಬಾವಿ ನೀರು ಅಲುಗಾಡುವುದು ಹೊಸದೇನಲ್ಲ. 1964ರಲ್ಲಿ ಅಲಾಸ್ಕಾದಲ್ಲಿ 9.2 ಪ್ರಮಾಣದ ಭೂಕಂಪವಾದಾಗ ಸಾವಿರಾರು ಕಿಲೋಮೀಟರ್ ಆಚೆಯ ಬಾವಿಗಳಲ್ಲೂ ಮಟ್ಟ ಏರಿಳಿದಿತ್ತು. ಆದರೆ ಗಾಳಿಯ ಒತ್ತಡದ 1 ಹೆಕ್ಟೋಪಾಸ್ಕಲ್ ಅಂದರೆ ಸುಮಾರು 1 ಸೆಂಟಿಮೀಟರ್ ನೀರಿಗೆ ಸಮ, ಅಲ್ವಾ? ನನ್ನ ಸೆನ್ಸರ್ ಗಾಳಿಯ ಒತ್ತಡವನ್ನೂ ಸೇರಿಸಿಯೇ ಅಳೆಯುತ್ತದೆ. ಪಕ್ಕದಲ್ಲಿ ಬ್ಯಾರೋಮೀಟರ್ ಇಡಲಿಲ್ಲ, ಅದು ನನ್ನದೇ ತಪ್ಪು. ಜತೆಗೆ ಚಂದ್ರ, ಸೂರ್ಯರ ಸೆಳೆತಕ್ಕೆ ಬಂಡೆಯೇ ಹಿಗ್ಗಿ ಕುಗ್ಗುವುದರಿಂದ ಬರುವ ಸುಮಾರು 12.4 ಗಂಟೆಯ ಏರಿಳಿತವೂ ಗ್ರಾಫ್‌ನಲ್ಲಿದೆ.

ಹವಾಮಾನ ಕೇಂದ್ರದ ಗಂಟೆಗೊಮ್ಮೆಯ ಒತ್ತಡದ ಅಂಕಿ ಹಿಡಿದು ಕಳೆದರೆ ಸಾಕೇ? ಆ 12.4 ಗಂಟೆಯ ಏರಿಳಿತ ತೆಗೆಯಲು ಯಾವ ವಿಧಾನ ಸುಲಭ?

ಇನ್ನೊಂದು ವಿಷಯ. ದೂರದಿಂದ ಬರುವ ಭೂಕಂಪದ ಮೇಲ್ಮೈ ಅಲೆಗಳ (ನೆಲದ ಮೇಲ್ಭಾಗದಲ್ಲಿ ಸಾಗುವ ಕಂಪನ) ಅವಧಿ ಸುಮಾರು 20 ಸೆಕೆಂಡ್. ನನ್ನ ರೀಡಿಂಗ್‌ನಲ್ಲಿ ಅಲುಗಾಟ ಕಾಣುವುದೇ ಇಲ್ಲ, ಜಿಗಿತ ಮಾತ್ರ. ಸೆಕೆಂಡಿಗೊಂದು ರೀಡಿಂಗ್ ಇಟ್ಟರೆ ಬ್ಯಾಟರಿ ಎಷ್ಟು ದಿನ ಬರುತ್ತದೆ? ಮಾಡಿ ನೋಡಿದವರು ಹೇಳಿ. ಗ್ರಾಫ್ ಬೇಕಿದ್ದರೆ ಹಾಕುತ್ತೇನೆ.