ಕೃಷಿ ಮೇಳದ ಮಳಿಗೆಯಲ್ಲಿ ಫೋಟೊ ಸ್ಟುಡಿಯೊ: ಕೇಳಿದವರಿಗೆ ನನ್ನ ಅನುಭವ

ಗದಗದ ಕಡೆಯ ಗೆಳೆಯರೊಬ್ಬರು ಕೇಳಿದ್ದಾರೆ: ಧಾರವಾಡದ ಕೃಷಿ ಮೇಳದಲ್ಲಿ ಹತ್ತು ಅಡಿ ಚೌಕದ ಮಳಿಗೆ ಸಿಗುತ್ತಿದೆ, ಅಲ್ಲೇ ಫೋಟೊ ತೆಗೆದು ಅಲ್ಲೇ ಪ್ರಿಂಟ್ ಕೊಡಬೇಕು, ಹೇಗೆ ಮಾಡಲಿ ಅಂತ. ನಾನು ಹುಬ್ಬಳ್ಳಿಯಲ್ಲಿ ಸ್ಟುಡಿಯೊ ಇಟ್ಟುಕೊಂಡವನು. ಮೇಳ, ಜಾತ್ರೆ ಅಂತ ಈ ಕೆಲಸ ಮಾಡುತ್ತಲೇ ಇದ್ದೇನೆ. ಗೊತ್ತಿದ್ದಷ್ಟು ಹೇಳುತ್ತೇನೆ.

ಮೊದಲು ಇದು: ಎದುರಿಗೆ ಕೂತವರಿಗೆ ಅವಸರ ಮಾಡಬೇಡಿ. ಉಳಿದ ಎಲ್ಲ ಕಡೆ ಅವಸರ ಮಾಡಿ. ಮೇಳಕ್ಕೆ ಬರುವ ಹಿರಿಯರಲ್ಲಿ ಎಷ್ಟೋ ಜನರಿಗೆ ಆಧಾರ್ ಕಾರ್ಡಿನದು ಬಿಟ್ಟರೆ ಒಬ್ಬರೇ ಕೂತು ತೆಗೆಸಿದ ಒಳ್ಳೆ ಫೋಟೊ ಇರಲ್ಲ. ಅವರು ತೀರಿಕೊಂಡ ಮೇಲೆ ಮಕ್ಕಳು ಯಾವುದೋ ಮದುವೆಯ ಗ್ರೂಪ್ ಫೋಟೊ ಹಿಡಿದುಕೊಂಡು ಅಂಗಡಿಗೆ ಬರುತ್ತಾರೆ. 'ಇದ್ರಾಗ ನಮ್ಮ ಅಪ್ಪಾರದು ಅಷ್ಟ ತಗದು ದೊಡ್ಡದು ಮಾಡಿ ಕೊಡ್ರಿ' ಅಂತಾರೆ. ಮುಖ ಉಗುರಿನಷ್ಟಿರುತ್ತೆ. ಏನು ಮಾಡಿದರೂ ಮಸುಕು. ಸ್ಟುಡಿಯೊ ನಡೆಸುವವರಿಗೆಲ್ಲ ಈ ಸಂಕಟ ಗೊತ್ತು. ಅದಕ್ಕೇ, ಕುಟುಂಬದ ಫೋಟೊ ಆದ ಮೇಲೆ ಅಜ್ಜ, ಅಜ್ಜಿಯನ್ನು ಅಲ್ಲೇ ಕೂರಿಸಿಕೊಂಡು ಒಬ್ಬೊಬ್ಬರದು ಒಂದೊಂದು ತೆಗೆದಿಡಿ. ಪ್ರಿಂಟ್ ಬೇಡ ಅಂದರೂ ಫೈಲ್ ಅವರ ಮಕ್ಕಳಿಗೆ ಕಳಿಸಿ. ಅದಕ್ಕೆ ದುಡ್ಡು ಕೇಳಬೇಡಿ.

ಕ್ಯಾಮೆರಾ ಕಂಡ ಕೂಡಲೇ ನಮ್ಮ ಕಡೆಯ ಹಿರಿಯರು ಸೆಟೆದು ಕೂರುತ್ತಾರೆ. 'ಸ್ಮೈಲ್ ಮಾಡ್ರಿ' ಅಂದರೆ ಇನ್ನೂ ಬಿಗಿ. ಮಾತಿಗೆಳೆಯಬೇಕು. ಮೇಳ ಸಾಮಾನ್ಯವಾಗಿ ಸೆಪ್ಟೆಂಬರ್‌ನಲ್ಲಿ, ಹೆಸರು ಬೆಳೆ ಮನೆಗೆ ಬರುವ ಹೊತ್ತು. 'ಅಜ್ಜಾರ, ಈ ಸಲ ಹೆಸರು ಎಷ್ಟು ಚೀಲ ಬಂತ್ರಿ?' ಅಂತ ಕೇಳಿ. ಉತ್ತರ ಕೊಟ್ಟು ಮುಗಿಸಿದ ಆ ಕ್ಷಣ ಭುಜ ಸಡಿಲ ಆಗುತ್ತೆ, ಆಗ ಕ್ಲಿಕ್ ಮಾಡಿ. ನಗದಿದ್ದರೆ ಒತ್ತಾಯ ಬೇಡ. ಗಂಭೀರವಾಗಿ ಕೂರುವುದೇ ಕೆಲವರ ರೀತಿ.

ಬೆಳಕು ಒಂದೇ ಸಾಕು, ಆದರೆ ದೊಡ್ಡ ಸಾಫ್ಟ್‌ಬಾಕ್ಸ್ (ಫ್ಲ್ಯಾಶ್ ಬೆಳಕನ್ನು ಹರಡಿ ಮೃದು ಮಾಡುವ ಬಟ್ಟೆಯ ಪೆಟ್ಟಿಗೆ) ಇರಲಿ. ಇನ್ನೊಂದು ಬದಿಗೆ, ಬೆಳಕು ಮುಖಕ್ಕೆ ಮರಳಿ ಬೀಳೋಕೆ, ಬಿಳಿ ಥರ್ಮಾಕೋಲ್ ಶೀಟು. ರುಮಾಲು ಸುತ್ತಿದವರು, ಟೋಪಿ ಹಾಕಿದವರು ಜಾಸ್ತಿ ಬರುತ್ತಾರೆ. ಲೈಟ್ ಎತ್ತರದಲ್ಲಿದ್ದರೆ ಕಣ್ಣು ಕತ್ತಲಾಗುತ್ತೆ, ಅವರಿಗೆ ಸ್ವಲ್ಪ ಇಳಿಸಿ. ಬಿಳಿ ಅಂಗಿ, ಬಿಳಿ ಧೋತರ ನೆರಿಗೆಯೂ ಕಾಣದಷ್ಟು ಬೆಳ್ಳಗಾಗದ ಹಾಗೆ ಎಕ್ಸ್‌ಪೋಶರ್ (ಫೋಟೊಕ್ಕೆ ಬೀಳುವ ಬೆಳಕಿನ ಪ್ರಮಾಣ) ಇಡಿ. ಹಿಂದಿನ ಪರದೆ ಬೂದು ಬಣ್ಣದ್ದಾದರೆ ಬಿಳಿ ಬಟ್ಟೆ, ಇಳಕಲ್ ಸೀರೆ ಎರಡೂ ಎದ್ದು ಕಾಣುತ್ತವೆ. ಇನ್ನೊಂದು ಕಾಟ ಇದೆ. ಶಾಮಿಯಾನದ ಕೆಂಪು, ಹಳದಿ ಬಟ್ಟೆಯಿಂದ ಸೋಸಿ ಬರುವ ಹಗಲು ಬೆಳಕು ಮುಖಕ್ಕೆಲ್ಲ ಬಣ್ಣ ಬಳಿಯುತ್ತೆ. ಸಾಧ್ಯವಾದರೆ ನಿಮ್ಮ ಮಳಿಗೆಗೆ ಬಿಳಿ ಬಟ್ಟೆ ಕಟ್ಟಿಸಿ. ಕ್ಯಾಮೆರಾದಲ್ಲಿ ಐಎಸ್‌ಒ (ಬೆಳಕಿಗೆ ಸೂಕ್ಷ್ಮತೆ) 100, ಲೆನ್ಸಿನ ಕಿಂಡಿ ಎಫ್/8, ಶಟರ್ ವೇಗ ಸೆಕೆಂಡಿನ 1/160 ಇಟ್ಟರೆ ಫ್ಲ್ಯಾಶ್ ಬೆಳಕೇ ಮೇಲಾಗಿ, ಆ ಬಣ್ಣ ಹೆಚ್ಚುಕಡಿಮೆ ಮಾಯ. ಸ್ಟ್ಯಾಂಡಿನ ಕಾಲಿಗೆ ಮರಳಿನ ಚೀಲ ಕಟ್ಟೋದು ಮರೆಯಬೇಡಿ, ಗಾಳಿಗೆ ಸಾಫ್ಟ್‌ಬಾಕ್ಸ್ ಜನರ ಮೇಲೆ ಬೀಳಬಾರದು.

ಹತ್ತು ಅಡಿಯಲ್ಲಿ 85 ಎಂಎಂ ಲೆನ್ಸ್ ಇಟ್ಟುಕೊಂಡು ಹಿಂದೆ ಸರಿಯಲು ಜಾಗ ಇರಲ್ಲ. ಫುಲ್ ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾ ಆದರೆ 50 ಎಂಎಂ ಲೆನ್ಸ್, ಕ್ರಾಪ್ ಸೆನ್ಸರ್ (ಚಿಕ್ಕ ಸೆನ್ಸರ್) ಆದರೆ 35. ದೊಡ್ಡ ಕುಟುಂಬ ಬಂದರೆ ನೀವೇ ಮಳಿಗೆಯ ಹೊರಗೆ ನಿಲ್ಲಬೇಕಾಗುತ್ತೆ, ಮುಂದಿನ ಜಾಗ ಖಾಲಿ ಇಟ್ಟುಕೊಳ್ಳಿ.

ಪ್ರಿಂಟರ್ ಡೈ ಸಬ್ಲಿಮೇಶನ್‌ದೇ (ರಿಬ್ಬನ್ನಿನ ಬಣ್ಣವನ್ನು ಶಾಖದಿಂದ ಕಾಗದಕ್ಕೆ ಇಳಿಸುವಂಥದ್ದು) ಇರಲಿ. ಇಂಕ್‌ಜೆಟ್‌ನಲ್ಲಿ ಕಾಯಬೇಕು, ಒದ್ದೆ ಕೈ ತಾಗಿದರೆ ಕೆಡಬಹುದು. ಡಿಎನ್‌ಪಿ ಆರ್‌ಎಕ್ಸ್1 ಎಚ್‌ಎಸ್ ತರದ ಯಂತ್ರ 4x6 ಇಂಚಿನ ಪ್ರಿಂಟನ್ನು ಸುಮಾರು 12 ಸೆಕೆಂಡಿನಲ್ಲಿ ಒಣಗಿದ್ದೇ ಕೊಡುತ್ತೆ. ಒಂದು ರೋಲಿಗೆ 700 ಪ್ರಿಂಟು. ಧೂಳು ಮಾತ್ರ ಅದಕ್ಕೆ ಶತ್ರು, ರೋಲಿನ ಮೇಲೆ ಕೂತರೆ ಫೋಟೊದಲ್ಲಿ ಬಿಳಿ ಚುಕ್ಕೆ. ರೋಲ್ ಬದಲಿಸುವಾಗ ಮಳಿಗೆಯ ಪರದೆ ಎಳೆದುಕೊಳ್ಳಿ. ಜನರೇಟರ್ ಕರೆಂಟಿಗೆ ನೇರ ಹಾಕಬೇಡಿ, ನಡುವೆ ಯುಪಿಎಸ್ ಇರಲಿ. ಫ್ಲ್ಯಾಶ್ ಬ್ಯಾಟರಿದಾದರೆ ಇನ್ನೂ ನಿಶ್ಚಿಂತೆ.

ಹೊಸಬರಿಗೆ ಅನಿಸುವ ಹಾಗೆ ತಡ ಆಗೋದು ಪ್ರಿಂಟಿಂಗ್‌ನಲ್ಲಿ ಅಲ್ಲ. ಆರಿಸುವುದರಲ್ಲಿ! ಇಡೀ ಮನೆಮಂದಿ ಲ್ಯಾಪ್‌ಟಾಪ್ ಸುತ್ತ ನಿಂತರೆ ಸಾಲು ಅಲ್ಲಿಗೇ ನಿಂತಿತು. ನೀವೇ ಎರಡು ಆರಿಸಿ ತೋರಿಸಿ, ಒಂದು ಹೇಳ್ರಿ ಅನ್ನಿ. ಟೋಕನ್ ಚೀಟಿಯನ್ನು ಮೊದಲ ಫ್ರೇಮ್‌ನಲ್ಲೇ ಕೈಯಲ್ಲಿ ಹಿಡಿಸಿ ಕ್ಲಿಕ್ ಮಾಡಿ, ಯಾರ ಫೋಟೊ ಯಾರಿಗೆ ಅನ್ನುವ ಗೊಂದಲ ಇರಲ್ಲ. ದುಡ್ಡಿಗೆ, ಟೋಕನ್ನಿಗೆ ಒಬ್ಬರು ಬೇರೆಯೇ ಇರಲಿ. ಜನಜಂಗುಳಿಯಲ್ಲಿ ನೆಟ್‌ವರ್ಕ್ ಕೈಕೊಡುತ್ತೆ, ಚಿಲ್ಲರೆ ಇಟ್ಟುಕೊಳ್ಳಿ. ವಾಟ್ಸ್ಯಾಪ್‌ನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಮಾಡಿ ಕಳಿಸಿ, ಇಲ್ಲದಿದ್ದರೆ ಗುಣಮಟ್ಟ ಇಳಿಯುತ್ತೆ. ಹೆಣ್ಣುಮಕ್ಕಳ, ಚಿಕ್ಕ ಮಕ್ಕಳ ಫೋಟೊವನ್ನು ಕೇಳದೆ ಇನ್‌ಸ್ಟಾಗ್ರಾಮ್‌ಗೆ ಹಾಕಲೇಬೇಡಿ. ನಂಬಿ ಕೂತವರು ಅವರು.

ಜಾತ್ರೆಯ ಲೆಕ್ಕ ಸ್ವಲ್ಪ ಬೇರೆ. ನಮ್ಮ ಸಿದ್ಧಾರೂಢ ಮಠದ ತೇರು ಶಿವರಾತ್ರಿಯ ಮರುದಿನ ಸಂಜೆ. ತೇರು ಎಳೆಯುವಾಗ ಯಾರೂ ಫೋಟೊಕ್ಕೆ ಬರಲ್ಲ, ಮುಗಿದ ಕೂಡಲೇ ಎಲ್ಲರೂ ಒಟ್ಟಿಗೇ ಬರುತ್ತಾರೆ. ಬಿಡುವಿನಲ್ಲಿ ಊಟ, ರೋಲ್, ಬ್ಯಾಟರಿ ಎಲ್ಲ ಮುಗಿಸಿಕೊಳ್ಳಬೇಕು. ಹಾವೇರಿಯ ಗೆಳೆಯರೊಬ್ಬರು ದೀಪಾವಳಿ ನಂತರದ ಹೋರಿ ಹಬ್ಬದಲ್ಲಿ ಮಾಲೀಕರ ಜತೆ ಹೋರಿಯ ಫೋಟೊ ತೆಗೆಯುತ್ತಾರೆ. ಅವರು ಹೇಳೋದು: ಅಖಾಡದಿಂದ ದೂರ ಇರಿ, ಹೋರಿ ಮುಂದೆ ಫ್ಲ್ಯಾಶ್ ಬೇಡ, ಹಗ್ಗ ಮಾಲೀಕರ ಕೈಯಲ್ಲೇ ಇರಲಿ. ನೂರಕ್ಕೆ ನೂರು ಒಪ್ಪುವ ಮಾತು.

ಮೇಳಕ್ಕೆ ಮುಂಚೆ ಒಂದು ಭಾನುವಾರ ನಿಮ್ಮ ಅಂಗಡಿ ಮುಂದೆ ಹತ್ತು ಅಡಿ ಚೌಕ ಗೆರೆ ಎಳೆಯಿರಿ. ಎಲ್ಲ ಸಾಮಾನು ಅದರೊಳಗೇ ಇಟ್ಟು, ಓಣಿಯವರನ್ನು ಕರೆದು, ಟೋಕನ್‌ನಿಂದ ಪ್ರಿಂಟ್‌ವರೆಗೆ ಪೂರ್ತಿ ಮಾಡಿ ನೋಡಿ. ಎಲ್ಲಿ ಜನ ಗುಂಪಾಗುತ್ತಾರೆ ಅಂತ ಅಲ್ಲೇ ತಿಳಿಯುತ್ತೆ. ನಿಮ್ಮ ಹತ್ತಿರ ಯಾವ ಕ್ಯಾಮೆರಾ, ಯಾವ ಲೈಟ್ ಇದೆ ಅಂತ ಬರೆದರೆ ಇನ್ನೂ ಸರಿಯಾಗಿ ಹೇಳಬಲ್ಲೆ.