ಡೇಟಾ ಸ್ಟ್ರಕ್ಚರ್ಸ್ ಲ್ಯಾಬ್: ಬಾಯಿಪಾಠ ಬಿಡಿಸುವುದು ಹೇಗೆ?

ಕನಕಪುರ ರಸ್ತೆ ಲೆಕ್ಚರರ್

ನಮ್ಮದು ಬೆಂಗಳೂರಿನ, ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ವ್ಯಾಪ್ತಿಯ ಕಾಲೇಜು. ಮೂರನೇ ಸೆಮಿಸ್ಟರ್‌ಗೆ ಸಿ ಭಾಷೆಯಲ್ಲಿ ಡೇಟಾ ಸ್ಟ್ರಕ್ಚರ್ಸ್ (ಮಾಹಿತಿಯನ್ನು ಮೆಮೊರಿಯಲ್ಲಿ ಜೋಡಿಸಿಡುವ ವಿಧಾನಗಳು) ಲ್ಯಾಬ್ ನಡೆಸಬೇಕು. 60 ಮಕ್ಕಳು, 20 ಜನರ ಮೂರು ಬ್ಯಾಚ್, ವಾರಕ್ಕೊಮ್ಮೆ ಎರಡು ಗಂಟೆ. ಡಿಪ್ಲೊಮಾ ಮುಗಿಸಿ ಲ್ಯಾಟರಲ್ ಎಂಟ್ರಿಯಲ್ಲಿ ಬಂದವರೂ ಇದರಲ್ಲೇ ಇರುತ್ತಾರೆ. ಮ್ಯಾನ್ಯುಯಲ್‌ನಲ್ಲಿರುವ ಲಿಂಕ್ಡ್ ಲಿಸ್ಟ್ (ಒಂದಕ್ಕೊಂದು ಕೊಂಡಿ ಹಾಕಿದ ಪಟ್ಟಿ) ಪ್ರೋಗ್ರಾಂ ಕೇಳಿದರೆ ಗಿಳಿಪಾಠದ ಹಾಗೆ ಟೈಪ್ ಮಾಡುತ್ತಾರೆ. ಅದನ್ನೇ ‘ಏರಿಕೆ ಕ್ರಮದಲ್ಲಿ ಸೇರಿಸಿ’ ಅಂದರೆ ಕೈಯೇ ಓಡುವುದಿಲ್ಲ. ತಪ್ಪು ಮೆಮೊರಿ ಮುಟ್ಟಿ ಪ್ರೋಗ್ರಾಂ ನಿಂತು ಸೆಗ್ಮೆಂಟೇಶನ್ ಫಾಲ್ಟ್ ಬಂದರೆ ಪಕ್ಕದವರ ಫೈಲ್ ಕಾಪಿ ಮಾಡಿಕೊಳ್ಳುತ್ತಾರೆ. ಸಿಲೆಬಸ್ ಮುಟ್ಟುವ ಹಾಗಿಲ್ಲ. ಇದ್ದ ಎರಡು ಗಂಟೆಯಲ್ಲೇ ಏನು ಬದಲಾಯಿಸಬಹುದು?

ಲ್ಯಾಬ್ ಇನ್‌ಚಾರ್ಜ್

ಸರ್, ಮೊದಲು ಕಂಪೈಲ್ ಮಾಡುವ ರೀತಿ ಬದಲಾಯಿಸಿ. ಬರೀ ಜಿಸಿಸಿ (ಸಿ ಕಂಪೈಲರ್) ಅಂತ ಹೊಡೆದು ಬಿಟ್ಟರೆ ತಪ್ಪು ಕಾಣುವುದೇ ಇಲ್ಲ. ವಾರ್ನಿಂಗ್‌ಗೆ ‘ವಾಲ್’, ‘ಎಕ್ಸ್‌ಟ್ರಾ’ ಫ್ಲ್ಯಾಗ್, ಲೈನ್ ನಂಬರ್ ಸಿಗಲು ‘ಜಿ’ ಫ್ಲ್ಯಾಗ್, ಜೊತೆಗೆ ಮೆಮೊರಿ ತಪ್ಪು ಹಿಡಿಯುವ ಅಡ್ರೆಸ್ ಸ್ಯಾನಿಟೈಸರ್, ಈ ನಾಲ್ಕನ್ನೂ ಕಂಪೈಲ್ ಆಜ್ಞೆ ಬರೆದಿಡುವ ಒಂದು ಮೇಕ್‌ಫೈಲ್‌ನಲ್ಲಿ ಹಾಕಿ ಎಲ್ಲಾ ಸಿಸ್ಟಂಗೂ ಹಂಚಿ. ಮಕ್ಕಳು ‘ಮೇಕ್’ ಅಂತ ಹೊಡೆದರೆ ಸಾಕು.

ಇದು ಯಾಕೆ ಬೇಕು ಅನ್ನುವುದಕ್ಕೆ ಒಂದು ಉದಾಹರಣೆ. ಒಂದು ಇಂಟ್ (ಪೂರ್ಣಾಂಕ), ಮುಂದಿನದರ ವಿಳಾಸ ಇಡುವ ಒಂದು ನೆಕ್ಸ್ಟ್ ಪಾಯಿಂಟರ್ ಇರುವ ನೋಡ್ (ಲಿಸ್ಟಿನ ಒಂದು ಕೊಂಡಿ) 64 ಬಿಟ್ ಉಬುಂಟುನಲ್ಲಿ 16 ಬೈಟ್ ಆಗುತ್ತದೆ: ಇಂಟ್‌ಗೆ 4, ಖಾಲಿ ಬಿಡುವ ಪ್ಯಾಡಿಂಗ್ 4, ಪಾಯಿಂಟರ್‌ಗೆ 8. ಮೆಮೊರಿ ಕೇಳುವ ಮಾಲಕ್ ಫಂಕ್ಷನ್ ಒಳಗೆ ನೋಡ್‌ನ ಸೈಜ್ ಬದಲು ಪಾಯಿಂಟರ್‌ನ ಸೈಜ್ ಕೊಡುವುದು ಮಕ್ಕಳು ಪದೇ ಪದೇ ಮಾಡುವ ತಪ್ಪು. ಆಗ ಕೇಳಿದ್ದು 8 ಬೈಟ್, ಬರೆದಿದ್ದು 16. ಆದರೂ ಪ್ರೋಗ್ರಾಂ ಸಲೀಸಾಗಿ ಓಡುತ್ತದೆ, ಏಕೆಂದರೆ ಉಬುಂಟುವಿನ ಸಿ ಲೈಬ್ರರಿಯಾದ ಜಿಲಿಬ್‌ಸಿಯ ಮಾಲಕ್ ಅಲ್ಲಿ ಕನಿಷ್ಠ 24 ಬೈಟ್ ಬಳಸಲು ಬರುವ ಜಾಗ ಕೊಡುತ್ತದೆ. ನೋಡ್‌ಗೆ 20 ಅಕ್ಷರದ ಹೆಸರು ಸೇರಿಸಿದ ದಿನ ಏನೇನೋ ಕೆಡುತ್ತದೆ, ಎಲ್ಲಿ ಕೆಟ್ಟಿತು ಅಂತ ಯಾರಿಗೂ ತಿಳಿಯುವುದಿಲ್ಲ. ಸ್ಯಾನಿಟೈಸರ್ ಇದ್ದರೆ ಮೊದಲ ರನ್‌ನಲ್ಲೇ ‘ಹೀಪ್ ಬಫರ್ ಓವರ್‌ಫ್ಲೋ’ ಅಂತ ಲೈನ್ ನಂಬರ್ ಸಮೇತ ತೋರಿಸುತ್ತದೆ. ಮೆಮೊರಿ ವಾಪಸ್ ಕೊಟ್ಟು ಫ್ರೀ ಮಾಡಿದ ಮೇಲೆ ಅದೇ ನೋಡ್‌ನ ನೆಕ್ಸ್ಟ್ ಓದುವ ಲೂಪ್ ಕೂಡ ಹೀಗೇ ಸಿಕ್ಕಿಬೀಳುತ್ತದೆ. ರಿಪೋರ್ಟ್ ಉದ್ದ ಇರುತ್ತದೆ. ಮೊದಲ ಸಾಲು, ಆಮೇಲೆ ತಮ್ಮ ಫೈಲ್ ಹೆಸರಿರುವ ಮೊದಲ ಸಾಲು, ಇಷ್ಟನ್ನೇ ಓದಲು ಹೇಳಿಕೊಡಿ.

ಜಿಡಿಬಿ (ಡೀಬಗ್ಗರ್) ಒಳಗೆ ಓಡಿಸುವಾಗ ಸ್ಯಾನಿಟೈಸರ್ ಮಾಡುವ ಲೀಕ್ (ವಾಪಸ್ ಕೊಡದ ಮೆಮೊರಿ) ಪತ್ತೆಯನ್ನು ಆಫ್ ಮಾಡಿ, ಇಲ್ಲದಿದ್ದರೆ ಕೊನೆಯಲ್ಲಿ ಸುಮ್ಮನೆ ಎರರ್ ಬರುತ್ತದೆ. ಮೆಮೊರಿ ತಪ್ಪು ಹುಡುಕುವ ಇನ್ನೊಂದು ಟೂಲ್ ವ್ಯಾಲ್‌ಗ್ರಿಂಡ್ ಬಳಸುವುದಾದರೆ ಸ್ಯಾನಿಟೈಸರ್ ಇಲ್ಲದೆ ಬೇರೆ ಬಿಲ್ಡ್ ಮಾಡಿ. ಹಳೆಯ ಟರ್ಬೊ ಸಿ ಕಂಪೈಲರ್ ಇನ್ನೂ ಇದ್ದರೆ ದಯವಿಟ್ಟು ತೆಗೆಸಿ. ಅಲ್ಲಿ ಇಂಟ್ 2 ಬೈಟ್, ಮಕ್ಕಳ ಲೆಕ್ಕವೆಲ್ಲ ತಪ್ಪುತ್ತದೆ. ಮ್ಯಾನ್ಯುಯಲ್‌ನಲ್ಲಿ ಸಾಲು ಓದಲು ‘ಗೆಟ್ಸ್’ ಫಂಕ್ಷನ್ ಇದ್ದರೆ ‘ಎಫ್‌ಗೆಟ್ಸ್’ ಮಾಡಿ. 2011ರ ಸಿ ಸ್ಟ್ಯಾಂಡರ್ಡ್‌ನಲ್ಲೇ ಗೆಟ್ಸ್ ಕೈಬಿಟ್ಟಿದ್ದಾರೆ.

ಸಿಎಸ್ ಮೇಡಂ

ಟೂಲ್ ಸರಿ, ಆದರೆ ಬಾಯಿಪಾಠಕ್ಕೆ ಅದು ಮದ್ದಲ್ಲ. ಖಾಲಿ ಸ್ಕ್ರೀನ್ ಕೊಟ್ಟು ಪೂರ್ತಿ ಪ್ರೋಗ್ರಾಂ ಬರೆಯಿರಿ ಅನ್ನುವವರೆಗೆ ಬಾಯಿಪಾಠ ಇದ್ದೇ ಇರುತ್ತದೆ. ಓಡುವ ಪ್ರೋಗ್ರಾಂ ಅನ್ನು ನೀವೇ ಕೊಡಿ, ಕೆಲಸ ಅಲ್ಲಿಂದ ಶುರುವಾಗಲಿ.

ಮೊದಲ 25 ನಿಮಿಷ ಕಂಪ್ಯೂಟರ್ ಮುಟ್ಟಿಸಬೇಡಿ. ಹಾಳೆಯ ಮೇಲೆ ಮೆಮೊರಿ ಚಿತ್ರ ಬರೆಸಿ. ಮೈನ್‌ಗೆ ಒಂದು ಚೌಕ, ಅದರೊಳಗೆ ಹೆಡ್ (ಲಿಸ್ಟಿನ ಮೊದಲ ನೋಡ್ ತೋರಿಸುವ ಪಾಯಿಂಟರ್), ಅದರಲ್ಲಿ 1000 ಅನ್ನುವ ವಿಳಾಸ. ಇನ್ಸರ್ಟ್ ಫಂಕ್ಷನ್‌ಗೆ ಇನ್ನೊಂದು ಚೌಕ, ಅಲ್ಲೂ ಹೆಡ್, ಅಲ್ಲೂ 1000. ಫಂಕ್ಷನ್ ಒಳಗಿನ ಹೆಡ್ ಅನ್ನು 2000 ಮಾಡಿದಾಗ ಮೈನ್‌ನ ಚೌಕದಲ್ಲಿ ಏನಿದೆ ಅಂತ ಕೇಳಿ. ಅರ್ಧ ಕ್ಲಾಸ್ 2000 ಅನ್ನುತ್ತದೆ. ಅಲ್ಲೇ ಇರುವುದು ಗಂಟು: ಹೆಸರು ಒಂದೇ ಆದರೂ ಚೌಕ ಬೇರೆ, ಹಾಗಾಗಿ ಮೈನ್‌ನದು 1000ವೇ ಉಳಿಯುತ್ತದೆ. ಹೊಸ ಹೆಡ್ ಅನ್ನು ರಿಟರ್ನ್ ಮಾಡುವುದೋ, ಡಬಲ್ ಪಾಯಿಂಟರ್ (ಹೆಡ್ ಚೌಕದ ವಿಳಾಸ) ಕಳಿಸುವುದೋ ಯಾಕೆ ಬೇಕು ಅನ್ನುವುದು ಆ ಚಿತ್ರದಿಂದ ತಾನಾಗಿ ಬರುತ್ತದೆ. ಈ ಮಾತನ್ನು ಕನ್ನಡದಲ್ಲೇ ಹೇಳಿ. ಮಾಗಡಿ, ಕುಣಿಗಲ್ ಕಡೆಯಿಂದ ಕನ್ನಡ ಮೀಡಿಯಂನಲ್ಲಿ ಓದಿ ಬಂದವರಿಗೆ ಪಾಯಿಂಟರ್ ಕಷ್ಟವಲ್ಲ, ಪಾಯಿಂಟರನ್ನೂ ಇಂಗ್ಲಿಷನ್ನೂ ಒಟ್ಟಿಗೆ ಹೊರುವುದು ಕಷ್ಟ.

ಆಮೇಲೆ ಬದಲಾವಣೆ ಕೊಡಿ: ಕೊನೆಗೆ ಸೇರಿಸುವುದನ್ನು ಏರಿಕೆ ಕ್ರಮಕ್ಕೆ ತಿರುಗಿಸಿ. ಪರೀಕ್ಷಿಸಲು ನಾಲ್ಕೇ ಸಂದರ್ಭ ಸಾಕು, ಖಾಲಿ ಲಿಸ್ಟ್, ಮೊದಲಿಗೆ, ನಡುವೆ, ಕೊನೆಗೆ. ಈ ನಾಲ್ಕರ ಇನ್‌ಪುಟ್ ಅನ್ನು ಕೋಡ್ ಬರೆಯುವ ಮುಂಚೆಯೇ ಮಕ್ಕಳಿಂದ ಬರೆಸಿ. ಹಿಂದುಳಿದವರಿಗೆ ಪಾರ್ಸನ್ಸ್ ಪ್ರಾಬ್ಲಂ ಕೊಡಿ. 2006ರಲ್ಲಿ ಡೇಲ್ ಪಾರ್ಸನ್ಸ್, ಪ್ಯಾಟ್ರಿಶಿಯಾ ಹೇಡನ್ ಮುಂದಿಟ್ಟ ಕ್ರಮ ಇದು. ಸರಿಯಾದ ಸಾಲುಗಳನ್ನು ಕಲಸಿ ಕೊಡುವುದು, ಅವರು ಜೋಡಿಸುವುದು. ಒಂದೆರಡು ತಪ್ಪು ಸಾಲು ಸೇರಿಸಿದರೆ ಯೋಚಿಸಲೇಬೇಕಾಗುತ್ತದೆ.

ಅಂಕವನ್ನೂ ಅದಕ್ಕೆ ತಕ್ಕಂತೆ ಹಂಚಿ. ವಾರದ 10ರಲ್ಲಿ ರೆಕಾರ್ಡ್‌ಗೆ 2, ಚಿತ್ರಕ್ಕೆ 3, ಬದಲಾವಣೆಗೆ 5. ರೆಕಾರ್ಡ್‌ಗೆ ಹೆಚ್ಚು ಕೊಟ್ಟರೆ ಮಕ್ಕಳು ರೆಕಾರ್ಡ್ ಬರೆಯುವುದನ್ನೇ ಕಲಿಯುತ್ತಾರೆ.

ರಾಜಾಜಿನಗರ ಅಸಿಸ್ಟೆಂಟ್ ಪ್ರೊಫೆಸರ್

ಕಾಪಿ ಬಗ್ಗೆ. ಫೈಲ್ ಹೊರಗಿನ ಸರ್ವರಿಗೆ ಕಳಿಸಿ ಹೋಲಿಕೆ ಹುಡುಕುವ ಮಾಸ್ ಬಳಸುವವರು ಒಂದು ವಿಷಯ ಗಮನಿಸಿ. 10ಕ್ಕಿಂತ ಹೆಚ್ಚು ಫೈಲ್‌ನಲ್ಲಿ ಒಂದೇ ಭಾಗ ಕಂಡರೆ, ಅದು ಮೇಷ್ಟ್ರೇ ಕೊಟ್ಟ ಕೋಡ್ ಅಂತ ತಿಳಿದು ಬಿಟ್ಟುಬಿಡುವುದು ಅದರ ಡೀಫಾಲ್ಟ್. 30 ಜನ ಒಂದೇ ಫೈಲ್ ಕಾಪಿ ಮಾಡಿದ್ದರೆ ರಿಪೋರ್ಟ್ ಶುದ್ಧವಾಗಿ ಬರುತ್ತದೆ! ಆ ಮಿತಿಯನ್ನು ಕ್ಲಾಸ್ ಸಂಖ್ಯೆಗಿಂತ ಮೇಲೆ ಇಡಿ, ನೀವು ಕೊಟ್ಟ ಕೋಡ್ ಅನ್ನು ಬೇಸ್ ಫೈಲ್ ಆಗಿ ಬೇರೆ ಕೊಡಿ. ಮಕ್ಕಳ ಹೆಸರು, ಯುಎಸ್‌ಎನ್ (ವಿಟಿಯು ನೋಂದಣಿ ಸಂಖ್ಯೆ) ಹೊರಗಿನ ಸರ್ವರ್‌ಗೆ ಹೋಗಬಾರದು ಅಂದರೆ ಅದೇ ಕೆಲಸದ ಜೆಪ್ಲ್ಯಾಗ್ ಒಳ್ಳೆಯದು, ನಮ್ಮ ಸಿಸ್ಟಂನಲ್ಲೇ ಓಡುತ್ತದೆ. ವೇರಿಯಬಲ್ ಹೆಸರು ಬದಲಾಯಿಸಿದರೂ ಎರಡೂ ಹಿಡಿಯುತ್ತವೆ. ಆದರೆ 40 ಸಾಲಿನ ಸ್ಟ್ಯಾಕ್ ಪ್ರೋಗ್ರಾಂ ಎಲ್ಲರದ್ದೂ ಒಂದೇ ಥರ ಇರುವುದು ಸಹಜ. ಹೋಲಿಕೆ ಕಂಡ ತಕ್ಷಣ ಅಂಕ ಕತ್ತರಿಸುವುದು ಅನ್ಯಾಯ. ಕರೆದು ಎರಡು ಸಾಲು ಬದಲಾಯಿಸಲು ಹೇಳಿ, ಬರೆದವರು ಯಾರು ಅಂತ ಗೊತ್ತಾಗುತ್ತದೆ.

ಕನಕಪುರ ರಸ್ತೆ ಲೆಕ್ಚರರ್

ಎಲ್ಲರಿಗೂ ಧನ್ಯವಾದ. ಇನ್ನೆರಡು ಸಂದೇಹ. ಕೆಲವರ ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಮಿನ್‌ಜಿಡಬ್ಲ್ಯೂ (ವಿಂಡೋಸ್‌ನ ಜಿಸಿಸಿ) ಇದೆ, ಸ್ಯಾನಿಟೈಸರ್ ಹಾಕಿದರೆ ಲಿಂಕ್ ಆಗುತ್ತಿಲ್ಲ. ಮತ್ತೆ, ಮೆನು ಪ್ರೋಗ್ರಾಂನಲ್ಲಿ ಅಂಕಿ ಬದಲು ಅಕ್ಷರ ಒತ್ತಿದರೆ ಮೆನು ನಿಲ್ಲದೆ ಓಡುತ್ತದೆ.

ಲ್ಯಾಬ್ ಇನ್‌ಚಾರ್ಜ್

ಮಿನ್‌ಜಿಡಬ್ಲ್ಯೂ ಜಿಸಿಸಿಯಲ್ಲಿ ಆ ಲೈಬ್ರರಿ ಬರುವುದಿಲ್ಲ ಸರ್. ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಡಬ್ಲ್ಯೂಎಸ್‌ಎಲ್‌ನಲ್ಲಿ ಉಬುಂಟು ಹಾಕಿಸಿ, ಲ್ಯಾಬ್‌ನ ಮೇಕ್‌ಫೈಲ್ ಹಾಗೇ ನಡೆಯುತ್ತದೆ. ಮೆನು ವಿಷಯ: ಇನ್‌ಪುಟ್ ಓದುವ ಸ್ಕ್ಯಾನ್‌ಎಫ್‌ಗೆ ಅಂಕಿ ಸಿಗದಿದ್ದರೆ 0 ರಿಟರ್ನ್ ಮಾಡುತ್ತದೆ, ಆ ಅಕ್ಷರ ಬಫರ್‌ನಲ್ಲೇ ಕೂತಿರುತ್ತದೆ, ಮುಂದಿನ ಸುತ್ತಿನಲ್ಲೂ ಅದೇ ಸಿಗುತ್ತದೆ. ರಿಟರ್ನ್ 1 ಅಲ್ಲದಿದ್ದರೆ ಹೊಸ ಸಾಲು ಅಥವಾ ಇಒಎಫ್ (ಇನ್‌ಪುಟ್ ಮುಗಿದ ಗುರುತು) ಬರುವವರೆಗೆ ಗೆಟ್‌ಚಾರ್‌ನಿಂದ ಓದಿ ಎಸೆಯಿರಿ, ಇಒಎಫ್ ಬಂದರೆ ಲೂಪ್‌ನಿಂದ ಹೊರಬನ್ನಿ. ಬಫರ್ ಖಾಲಿ ಮಾಡಲು ‘ಎಫ್‌ಫ್ಲಶ್’ ಅನ್ನು ಇನ್‌ಪುಟ್ ಮೇಲೆ ಬಳಸಲು ಹೇಳಿಕೊಡಬೇಡಿ, ಕೀಬೋರ್ಡ್ ಇನ್‌ಪುಟ್ ಮೇಲೆ ಅದು ಏನು ಮಾಡಬೇಕು ಅಂತ ಸಿ ಸ್ಟ್ಯಾಂಡರ್ಡ್ ಹೇಳಿಲ್ಲ.